ಹಾಗಲಕಾಯಿ, ಸಪಾದ, ಕರಕಲು ರೊಟ್ಟಿ: ಕ್ರಾಫ್ಟ್ ಬಿಯರ್‌ನ ರುಚಿಯನ್ನು ನಮ್ಮ ಮಾತಿನಲ್ಲಿ ಹೇಳುವುದು ಹೇಗೆ?

ಖಡೇಬಜಾರ್ ಕಟ್ಟೆ · ಬೆಳಗಾವಿ · ಭಾನುವಾರ ರಾತ್ರಿ 9.20

ನನಗೊಂದು ಚಟ. ಪ್ರತಿ ಭಾನುವಾರ ಅದುವರೆಗೆ ಬಾಯಿಗಿಡದ ಏನನ್ನಾದರೂ ತಿಂದೋ ಕುಡಿದೋ ಬಂದು ವಹಿಯಲ್ಲಿ ಎರಡು ಸಾಲು ಬರೆಯುತ್ತೇನೆ. ಕಿರಾಣಿ ಅಂಗಡಿಯ ಕೆಂಪು ರಟ್ಟಿನ ಉದ್ದರಿ ವಹಿಯೇ ಅದು. ಹೆಂಡತಿ ‘ಹೊಟ್ಟೆಯ ಉದ್ದರಿ’ ಎಂದು ಕರೆಯುತ್ತಾಳೆ. ಅದರಲ್ಲಿ ಗೆಲುವಿಗಿಂತ ಸೋಲೇ ಹೆಚ್ಚು. ಚೋರ್ಲಾ ಘಾಟಿನ ಆಚೆ, ಗೋವಾದಲ್ಲಿ, ಒಂದು ಏಪ್ರಿಲ್‌ನಲ್ಲಿ ಕುಡಿದ ಉರಾಕ್‌ಗೆ ‘ಹೆಚ್ಚು ಹಣ್ಣಾದ ಹಲಸಿನ ತೊಳೆ, ಹಿಂದಿನಿಂದ ಸೀಮೆಎಣ್ಣೆಯ ನೆನಪು’ ಎಂದು ಬರೆದಿದ್ದೇನೆ. ಗೇರುಹಣ್ಣಿನ ರಸದ ಮೊದಲ ಬಟ್ಟಿ ಅದು. ಮತ್ತೆ ಬಟ್ಟಿಗೆ ಹಾಕಿದರೆ ಫೆನಿ. ಮತ್ತೆ ಬಟ್ಟಿಗೆ ಹಾಕುವವರ ಮೇಲೆ ನನಗೆ ಅಂದಿನಿಂದ ಗೌರವ.

ಕಳೆದ ವಾರ ರಾಣಿ ಚನ್ನಮ್ಮ ಎಕ್ಸ್‌ಪ್ರೆಸ್ ಹತ್ತಿ ಬೆಂಗಳೂರಿಗೆ ಹೋಗಿದ್ದೆ. ಅಕ್ಕನ ಮಗ ಸಂಜೆ, ‘ಮಾಮಾ, ನೀವು ಈವರೆಗೆ ಕುಡಿದದ್ದು ಬಿಯರ್ ಅಲ್ಲ, ಬರೀ ತಂಪು’ ಎಂದು ಹೇಳಿ ಕ್ರಾಫ್ಟ್ ಬಿಯರ್, ಅಂದರೆ ಸಣ್ಣ ಪ್ರಮಾಣದಲ್ಲಿ ಅಲ್ಲಿಯೇ ಕುದಿಸುವ ಬಿಯರ್, ಸಿಗುವ ಒಂದು ಜಾಗಕ್ಕೆ ಕರೆದೊಯ್ದ. ಗಾಜಿನ ಗೋಡೆಯ ಹಿಂದೆ ತಾಮ್ರದ ಹಂಡೆಗಳು. ನಮ್ಮ ಕಡೆಯ ಮದುವೆ ಮನೆಯ ನೀರೊಲೆ ನೆನಪಾಯಿತು. ಮರದ ಹಲಗೆಯಲ್ಲಿ ಆರು ಪುಟ್ಟ ಗ್ಲಾಸ್ ತಂದಿಟ್ಟರು. ಜೊತೆಗೊಂದು ಕಾರ್ಡು: ಪೈನ್ ಮರದ ಪರಿಮಳ, ಗ್ರೇಪ್‌ಫ್ರೂಟ್, ಬಿಸ್ಕೆಟ್‌ನಂಥ ಮಾಲ್ಟ್. ಪೈನ್ ಮರವನ್ನು ನಾನು ಮೂಸಿಲ್ಲ. ಆ ಹೆಸರಿನಲ್ಲಿ ನನಗೆ ಗೊತ್ತಿರುವುದು ನೆಲ ಒರೆಸುವ ದ್ರಾವಣ ಒಂದೇ. ಕಾರ್ಡನ್ನು ಮಗುಚಿಟ್ಟು ವಹಿ ತೆಗೆದೆ.

ಮೊದಲನೆಯದು ಜರ್ಮನ್ ಪದ್ಧತಿಯ ಗೋಧಿ ಬಿಯರ್, ಮಬ್ಬು ಹಳದಿ. ಮೂಗಿನ ಹತ್ತಿರ ತಂದವನು ಬೆಚ್ಚಿದೆ. ಕಳಿತ ಬಾಳೆಹಣ್ಣು, ಅದರ ಬೆನ್ನಿಗೆ ಲವಂಗ. ಬರೆದದ್ದು: ‘ಸತ್ಯನಾರಾಯಣ ಪೂಜೆಯ ಸಪಾದ, ತುಪ್ಪವಿಲ್ಲದೆ.’

ಎರಡನೆಯದು ಬೆಲ್ಜಿಯಂ ಪದ್ಧತಿಯದು, ಕೊತ್ತಂಬರಿ ಬೀಜವನ್ನೂ ಕಿತ್ತಳೆ ಸಿಪ್ಪೆಯನ್ನೂ ಹಾಕುತ್ತಾರಂತೆ. ‘ಸಾರಿನ ಪುಡಿ ಕುಟ್ಟಿದ ಒರಳು ತೊಳೆದ ನೀರು. ಇದು ಬೈಗುಳವಲ್ಲ.’ ಮೂರನೆಯದು ಲಾಗರ್, ತಿಳಿ ಬಣ್ಣದ ಮಾಮೂಲಿ ಬಿಯರ್; ಬರೆಯಲು ಏನೂ ಸಿಗಲಿಲ್ಲ. ನಾಲ್ಕನೆಯದು ಇಂಡಿಯಾ ಪೇಲ್ ಏಲ್, ಅಂದರೆ ಐಪಿಎ. ‘ಹೇರಳೆಕಾಯಿಯ ಸಿಪ್ಪೆ ಕಚ್ಚಿದಂತೆ, ಆಮೇಲೆ ಉಪ್ಪು ಹಚ್ಚಿ ಹಿಂಡದೆ ಮಾಡಿದ ಹಾಗಲಕಾಯಿ ಪಲ್ಯ.’ ಐದನೆಯದು ಸ್ಟೌಟ್, ಕಪ್ಪು. ‘ಹಂಚಿನ ಮೇಲೆ ಮರೆತ ಜೋಳದ ರೊಟ್ಟಿಯ ಕರಕಲು ಅಂಚು, ತಳ ಹತ್ತಿದ ಕುಂದಾ.’ ಆರನೆಯದು ಹುಳಿ ಬಿಯರ್: ‘ಮೂರು ದಿನದ ಅಂಬಲಿ.’

ಅಳಿಯ ಓದಿ ನಕ್ಕ. ಪಕ್ಕದ ಮೇಜಿನವರು ಕೇಳಿ, ಕಾರ್ಡಿಗಿಂತ ಇದೇ ಸರಿ ಎಂದರು. ಅದಕ್ಕೇ ಇಲ್ಲಿ ಕೇಳುತ್ತಿದ್ದೇನೆ: ನಮ್ಮ ಭಾಗದ ಯಾವ ತಿನಿಸು ಇವುಗಳಲ್ಲಿ ಯಾವುದರ ಜೊತೆ ನಿಲ್ಲುತ್ತದೆ? ಇನ್ನೊಂದು, ಗುಟುಕು ಇಳಿದ ಮೇಲೂ ನಾಲಿಗೆಯ ಬುಡದಲ್ಲಿ ಕೂತಿರುತ್ತದಲ್ಲ ಕಹಿ, ಅದಕ್ಕೆ ಕನ್ನಡದಲ್ಲಿ ಒಂದೇ ಮಾತು ಇದೆಯೇ?

ಗುಮ್ಮಟದ ನೆರಳು · ವಿಜಯಪುರ · ಭಾನುವಾರ ರಾತ್ರಿ 9.55

ಕಟ್ಟೆಯ ಕಾಕಾ, ಕಹಿಯನ್ನು ಕುಡಿಯಲು ಬೆಂಗಳೂರಿನವರೆಗೆ ರೈಲು ಹತ್ತಿದಿರಿ. ನಮ್ಮೂರ ಖಾನಾವಳಿಗೆ ಬಂದಿದ್ದರೆ ಅದು ಪುಕ್ಕಟೆ ಸಿಗುತ್ತಿತ್ತು.

ಸಿದ್ದೇಶ್ವರ ಗುಡಿಯ ಹತ್ತಿರ ನಾನು ವಾರಕ್ಕೆರಡು ಸಲ ಉಣ್ಣುವ ಖಾನಾವಳಿಯಲ್ಲಿ ತಾಟು ಬರುವ ಮೊದಲೇ ಒಂದು ಬುಟ್ಟಿ ಬರುತ್ತದೆ. ಹಸಿ ಮೆಂತ್ಯೆ ತಪ್ಪಲು, ಹಕ್ಕರಕಿ, ಮೂಲಂಗಿ, ಉಳ್ಳಾಗಡ್ಡಿ, ಸೌತೆಕಾಯಿ. ಬಿಸಿ ರೊಟ್ಟಿ ಮುರಿದು, ಎಣ್ಣೆಗಾಯಿಯ ರಸ ಹಚ್ಚಿ, ಮೇಲೆ ನಾಲ್ಕು ಎಲೆ ಮೆಂತ್ಯೆ ಇಟ್ಟು ಬಾಯಿಗೆ ಹಾಕಿದರೆ ಖಾರದ ನಡುವೆ ಸಣ್ಣ ಕಹಿ ಹಾದು ಹೋಗುತ್ತದೆ. ಆಮೇಲೆ ಕೆನೆ ಮೊಸರು, ಶೇಂಗಾ ಹಿಂಡಿ. ಮೂರನೆಯ ರೊಟ್ಟಿಗೆ ಬೇಡವೆಂದರೆ ಬಡಿಸುವಾಕೆ ನಮ್ಮನ್ನೇನೂ ಕೇಳದೆ ನಾಲ್ಕನೆಯದನ್ನೂ ಹಾಕುತ್ತಾಳೆ.

ಐಪಿಎಯನ್ನು ನಾನೂ ಪುಣೆಯಲ್ಲಿ ಕುಡಿದಿದ್ದೇನೆ. ಗೆಳೆಯರೆಲ್ಲ ಮುಖ ಕಿವುಚಿದರು, ನನಗೆ ಏನೂ ಅನ್ನಿಸಲಿಲ್ಲ. ಮೆಂತ್ಯೆ ತಪ್ಪಲು ತಿಂದು ಬೆಳೆದವನಿಗೆ ಅದು ಹೊಸ ರುಚಿಯಲ್ಲ, ಹೊಸ ಬಿಲ್ಲು ಅಷ್ಟೇ.

ಶಹಾಪುರದ ಹಿರಿಯ · ಬೆಳಗಾವಿ · ಸೋಮವಾರ ಬೆಳಿಗ್ಗೆ 6.10

ಬರೆದವರು ನನಗಿಂತ ಕಿರಿಯರಿರಬೇಕು, ಹೀಗಾಗಿ ನೇರವಾಗಿ ಹೇಳುತ್ತೇನೆ. ಕುಡಿಯುವುದು ಬಿಡುವುದು ನಿಮ್ಮ ಇಷ್ಟ. ಆದರೆ ದೇವರ ಪ್ರಸಾದವನ್ನು ಬಿಯರ್‌ಗೆ ಹೋಲಿಸುವುದು ಸರಿಯಲ್ಲ. ಸಪಾದಕ್ಕೆ ರವೆ, ಹಾಲು, ತುಪ್ಪ, ಸಕ್ಕರೆ, ಬಾಳೆಹಣ್ಣು ಎಲ್ಲವೂ ಸವ್ವಾ, ಅಂದರೆ ಒಂದೂಕಾಲು, ಅಳತೆಯಲ್ಲಿ ಬೀಳಬೇಕು. ಆ ಹೆಸರು ಬಂದದ್ದೇ ಅದರಿಂದ. ಅದರ ವಾಸನೆ ಹಂಡೆಯಲ್ಲಿ ಕೊಳೆತ ಗೋಧಿಯಿಂದ ಬರಲು ಸಾಧ್ಯವಿಲ್ಲ. ಬೇರೆ ಹೋಲಿಕೆ ಹುಡುಕಿ.

ಖಡೇಬಜಾರ್ ಕಟ್ಟೆ · ಸೋಮವಾರ ಬೆಳಿಗ್ಗೆ 8.30

ಹಿರಿಯರೇ, ತಪ್ಪಾಯಿತು. ಅವಮಾನ ಮಾಡುವ ಮನಸ್ಸಿರಲಿಲ್ಲ. ಮೂಗು ಹೇಳಿದ್ದನ್ನು ಕೈ ಬರೆಯಿತು. ಬೇರೆ ಹೋಲಿಕೆ ಸಿಕ್ಕರೆ ತಿದ್ದುತ್ತೇನೆ, ಆದರೆ ಬೆಳಿಗ್ಗೆಯಿಂದ ಹುಡುಕುತ್ತಿದ್ದೇನೆ, ಸಿಗುತ್ತಿಲ್ಲ.

ಮೊಳಕೆ ಜವೆಗೋಧಿ · ಚಿಕ್ಕೋಡಿ, ಈಗ ಪುಣೆ · ಸೋಮವಾರ ಮಧ್ಯಾಹ್ನ 2.15

ನಾನು ಚಿಕ್ಕೋಡಿಯ ಕಡೆಯವನು, ಪುಣೆಯಲ್ಲಿ ಬಿಯರ್ ತಯಾರಿಸುವ ಘಟಕದಲ್ಲಿ ಕೆಲಸ ಮಾಡುತ್ತೇನೆ. (ಊರಿನಲ್ಲಿ ಅಪ್ಪ ‘ಮಗ ಆಹಾರ ತಂತ್ರಜ್ಞ’ ಎನ್ನುತ್ತಾರೆ. ಸುಳ್ಳೇನಲ್ಲ.) ಈ ಊರಿಗೆ ಕ್ರಾಫ್ಟ್ ಬಿಯರ್ ಹೊಸದೇನಲ್ಲ, ಡೂಲಾಲಿ ಎಂಬ ಬಿಯರ್ ಘಟಕ ಇಲ್ಲಿ ಶುರುವಾದದ್ದು 2009ರಲ್ಲಿ.

ಹಿರಿಯರ ಕ್ಷಮೆ ಕೋರಿಯೇ ಹೇಳುತ್ತೇನೆ, ಕಟ್ಟೆಯವರ ಮೂಗು ತಪ್ಪಿಲ್ಲ. ಗೋಧಿ ಬಿಯರ್‌ಗೆ ಯಾರೂ ಬಾಳೆಹಣ್ಣು ಹಾಕುವುದಿಲ್ಲ. ಅದಕ್ಕೆ ಬಳಸುವ ಯೀಸ್ಟ್ ಹುದುಗುವಾಗ ಐಸೊಅಮೈಲ್ ಅಸಿಟೇಟ್ ಎಂಬ ಸಂಯುಕ್ತವನ್ನು ಬಿಡುತ್ತದೆ, ಬಾಳೆಹಣ್ಣಿನ ಪರಿಮಳದಲ್ಲಿ ಮುಖ್ಯವಾಗಿ ಇರುವುದೂ ಅದೇ. ಲವಂಗದ ಘಾಟಿಗೆ ಹತ್ತಿರದ ಇನ್ನೊಂದು ಸಂಯುಕ್ತವೂ ಅದೇ ಯೀಸ್ಟಿನ ಕೊಡುಗೆ. ಯೀಸ್ಟ್ ಎಂದರೆ ನಮ್ಮ ಮನೆಯ ಹೆಪ್ಪಿನ ಹಾಗೆ ಎಂದುಕೊಳ್ಳಿ. ಹಾಲು ಒಂದೇ ಆದರೂ ಒಬ್ಬರ ಮನೆಯ ಮೊಸರು ಇನ್ನೊಬ್ಬರ ಮನೆಯದರಂತೆ ಇರುವುದಿಲ್ಲ. ಇನ್ನು ‘ಕೊಳೆತ’ ಎಂಬ ಮಾತು: ಧಾನ್ಯ ಕೊಳೆತರೆ ನಮ್ಮ ಕೆಲಸ ಹೋಗುತ್ತದೆ. ನೆನೆಸಿ, ಮೊಳಕೆ ಬರಿಸಿ, ಒಣಗಿಸಿದ ಗೋಧಿ ಮತ್ತು ಜವೆಗೋಧಿ ಅದು, ಮಾಲ್ಟ್ ಎನ್ನುತ್ತಾರೆ. ಮಗುವಿಗೆ ರಾಗಿ ಮಾಲ್ಟ್ ಮಾಡುವವರಿಗೆ ಅರ್ಧ ವಿದ್ಯೆ ಗೊತ್ತಿದೆ.

ತಳ ಹತ್ತಿದ ಕುಂದಾ ಎಂದಿರಲ್ಲ, ಅದನ್ನು ಓದಿ ಕುರ್ಚಿಯಿಂದ ಎದ್ದೆ. ಕುಂದಾ ಕಂದಾಗುವುದು ಹಾಲು ಬತ್ತುತ್ತಾ ಹೋದಂತೆ ಅದರ ಪ್ರೋಟೀನ್ ಮತ್ತು ಸಕ್ಕರೆ ಕಾವಿನಲ್ಲಿ ಒಂದನ್ನೊಂದು ಹಿಡಿಯುವುದರಿಂದ. 1912ರಲ್ಲಿ ಇದನ್ನು ವಿವರಿಸಿದ ಫ್ರೆಂಚ್ ವಿಜ್ಞಾನಿ ಮಯಾರ್ ಹೆಸರಿನಿಂದಲೇ ಅದನ್ನು ಕರೆಯುತ್ತಾರೆ. ಮಾಲ್ಟ್ ಒಣಗಿಸುವಾಗ, ಸ್ಟೌಟ್‌ಗೆಂದು ಜವೆಗೋಧಿ ಹುರಿಯುವಾಗ, ರೊಟ್ಟಿ ಸುಡುವಾಗ ನಡೆಯುವುದೂ ಇದೇ. ಶಹಾಪುರದ ಬಾಣಲೆಗೂ ಸ್ಟೌಟ್‌ಗೆ ಹೆಸರಾದ ಡಬ್ಲಿನ್‌ನ ಹಂಡೆಗೂ ಒಂದೇ ಗೋತ್ರ.

ಜೊತೆಗೆ ಏನು ತಿನ್ನಬೇಕು ಎಂಬುದಕ್ಕೆ ಒಂದೇ ಎಚ್ಚರಿಕೆ. ಮಿರ್ಚಿ ಭಜಿಯ ಜೊತೆ ಐಪಿಎ ಕುಡಿಯಬೇಡಿ. ಮೆಣಸಿನಕಾಯಿಯ ಖಾರದ ಅಂಶವಾದ ಕ್ಯಾಪ್ಸೈಸಿನ್ ನೀರಿನಲ್ಲಿ ಕರಗುವುದೇ ಇಲ್ಲ ಎನ್ನಬಹುದು. ಮದ್ಯದಲ್ಲಿ ಕರಗುತ್ತದೆ, ಆದರೆ ಬಿಯರ್‌ನಲ್ಲಿರುವ ಶೇ 5ರಷ್ಟು ಅದಕ್ಕೆ ಎಲ್ಲಿಗೂ ಸಾಲದು. ಮೇಲಿನಿಂದ ಗ್ಯಾಸಿನ ಚುಚ್ಚು, ಬಿಯರ್‌ಗೆ ಹಾಕುವ ಹಾಪ್ಸ್ ಎಂಬ ಹೂವಿನ ಕಹಿ. ಉರಿ ಇಮ್ಮಡಿಸುತ್ತದೆ. ಗೋಧಿ ಬಿಯರ್ ಮೃದು, ಅದು ಪರವಾಗಿಲ್ಲ. ನಿಜವಾದ ಮದ್ದು ಮಾತ್ರ ಮೊಸರೇ.

ಇನ್ನೊಂದು ಮಾತು. ಲಾಗರ್‌ನ ಬಗ್ಗೆ ಬರೆಯಲು ಏನೂ ಸಿಗಲಿಲ್ಲ ಎಂದಿರಿ. ಹಿಮದಂತೆ ತಣ್ಣಗೆ ಕೊಟ್ಟಿರುತ್ತಾರೆ. ಅಷ್ಟು ತಂಪಿನಲ್ಲಿ ನಾಲಿಗೆ ಜೋಮು ಹಿಡಿಯುತ್ತದೆ. ಹತ್ತು ನಿಮಿಷ ಬಿಟ್ಟು ಕುಡಿಯಿರಿ. ಲಾಗರ್ ಮಾಡುವುದು ನಮಗೆ ಐಪಿಎಗಿಂತ ಕಷ್ಟ. ತಪ್ಪು ಮುಚ್ಚಿಕೊಳ್ಳಲು ಅದರಲ್ಲಿ ಜಾಗವೇ ಇಲ್ಲ.

ಘಟಪ್ರಭೆಯ ಗೌರಿ · ಗೋಕಾಕ · ಸೋಮವಾರ ಸಂಜೆ 7.40

ನಾನು ಕುಡಿಯುವವಳಲ್ಲ. ಮೂಸುವವಳು. ನಮ್ಮ ಮನೆಯವರು ಗೋವಾದಲ್ಲಿ ಒಮ್ಮೆ ಕಪ್ಪು ಬಿಯರ್ ತರಿಸಿದಾಗ ಬ್ಯಾಗಿನಲ್ಲಿ ಕರದಂಟಿನ ಪೊಟ್ಟಣವಿತ್ತು. ಊರು ಬಿಟ್ಟರೆ ಅದಿಲ್ಲದೆ ನಾನು ಹೊರಡುವುದಿಲ್ಲ. ಅವರು ಒಂದು ತುಂಡು ಕಚ್ಚಿ, ಒಂದು ಗುಟುಕು ಕುಡಿದು, ಹತ್ತು ನಿಮಿಷ ಮಾತೇ ಆಡಲಿಲ್ಲ. ಮದುವೆಯಾಗಿ ಹತ್ತೊಂಬತ್ತು ವರ್ಷದಲ್ಲಿ ಅಂಥ ಶಾಂತಿ ನನಗೆ ಸಿಕ್ಕಿರಲಿಲ್ಲ.

ಕಾರಣ ಊಹಿಸಬಲ್ಲೆ. ಅಂಟನ್ನು ತುಪ್ಪದಲ್ಲಿ ಕರಿದರೆ ಅದು ಉಬ್ಬಿ ಗರಿಗರಿಯಾಗುತ್ತದೆ. ಕರಿದ ಅಂಟು, ಅದೇ ಕರದಂಟು. ಅದಕ್ಕೆ ಬೆಲ್ಲದ ಪಾಕ, ಒಣಕೊಬ್ಬರಿ, ಗೋಡಂಬಿ, ಬಾದಾಮಿ, ಉತ್ತತ್ತಿ, ಗಸಗಸೆ. ಬೆಲ್ಲ ಕಪ್ಪಗಿದ್ದಷ್ಟು ಒಳ್ಳೆಯದು, ನಾನು ಮಹಾಲಿಂಗಪುರದ್ದೇ ತರಿಸುತ್ತೇನೆ. ಪಾಕ ಒಂದು ಎಳೆ ಹೆಚ್ಚು ಬಂದರೆ ಸಣ್ಣ ಸುಟ್ಟ ರುಚಿ ಬರುತ್ತದೆ. ಕಪ್ಪು ಬಿಯರ್‌ನ ಸುಟ್ಟ ರುಚಿ ಬಂದು ಅದರ ಕೈ ಹಿಡಿಯುತ್ತದೆ. ಗೋಕಾಕದ ಕರದಂಟನ್ನು ಬಿಟ್ಟು ಬೇರೆ ಊರಿನದರಲ್ಲಿ ಇದು ನಡೆಯುವುದಿಲ್ಲ, ಮೊದಲೇ ಹೇಳಿಬಿಡುತ್ತೇನೆ.

ಹುನಗುಂದದ ದಾರಿ · ಅಮೀನಗಡ · ಸೋಮವಾರ ಸಂಜೆ 7.52

‘ಬೇರೆ ಊರು’ ಎಂದರೆ ಯಾವುದು ಅಕ್ಕಾ? ಹೆಸರು ಹೇಳಿ.

ಘಟಪ್ರಭೆಯ ಗೌರಿ · ಸೋಮವಾರ ಸಂಜೆ 7.54

ನಿಮಗೆ ಗೊತ್ತಾಯಿತಲ್ಲ.

ಹುನಗುಂದದ ದಾರಿ · ಸೋಮವಾರ ಸಂಜೆ 8.05

ಐಹೊಳೆ ನೋಡಲು ಬಂದವರು ಗುಡಿಯ ಚಿತ್ರ ತೆಗೆಯುವುದನ್ನು ಮರೆತರೂ ಅಮೀನಗಡದಲ್ಲಿ ಬಸ್ ಇಳಿದು ಕರದಂಟು ಕಟ್ಟಿಸಿಕೊಳ್ಳುವುದನ್ನು ಮರೆಯುವುದಿಲ್ಲ. ನಿಮ್ಮದರಲ್ಲಿ ಬೆಲ್ಲ ಮುಂದೆ, ನಮ್ಮದರಲ್ಲಿ ಅಂಟು ಮುಂದೆ. ನಿಮ್ಮ ಮನೆಯವರು ಮಾತಾಡದೆ ಕೂತದ್ದು ರುಚಿಗಲ್ಲ, ಹಲ್ಲಿಗೆ ಪಾಕ ಹಿಡಿದುಕೊಂಡಿತ್ತು.

ಗುಮ್ಮಟದ ನೆರಳು · ಸೋಮವಾರ ರಾತ್ರಿ 8.20

ಈ ಜಗಳ ಕೃಷ್ಣಾ ನ್ಯಾಯಾಧಿಕರಣಕ್ಕೆ ಹೋಗಲಿ. ಮುಂದೆ ನಡೆಯಿರಿ.

ಹಿನ್ನೀರಿನ ದಂಡೆ · ಬಾಗಲಕೋಟೆ · ಮಂಗಳವಾರ ಬೆಳಿಗ್ಗೆ 11.00

ನನ್ನದು ಎರಡು ಸೋಲಿನ ಕತೆ.

ಮೊದಲನೆಯದು ಬಿಯರ್‌ನದು. ಗೋವಾದ ಕಡಲ ದಂಡೆಯಲ್ಲಿ ಹಸಿರು ಬಾಟಲಿಯ ಬಿಯರ್ ಕೊಂಡು, ಮರಳಲ್ಲಿ ನೆಟ್ಟು, ನೀರಿಗೆ ಇಳಿದೆ. ತಾಸು ಬಿಟ್ಟು ಬಂದು ಕುಡಿದರೆ ಟಾಯರ್ ಅಂಗಡಿಯಲ್ಲಿ ಬಳ್ಳೊಳ್ಳಿ ಜಜ್ಜಿದ ವಾಸನೆ. ಅಂಗಡಿಯವನೊಂದಿಗೆ ಜಗಳವಾಡಿ ಇನ್ನೊಂದು ಬಾಟಲಿ ತಂದೆ. ಅದು ಚೆನ್ನಾಗಿತ್ತು. ಅದನ್ನೂ ಮರಳಲ್ಲಿ ನೆಟ್ಟೆ. ಮುಂದಿನದನ್ನು ನೀವೇ ಊಹಿಸಿಕೊಳ್ಳಿ.

ಎರಡನೆಯದು ಬೆಂಗಳೂರಿನ ಒಂದು ಹೋಟೆಲಿನದು, ಹೆಸರು ಬೇಡ. ‘ಉತ್ತರ ಕರ್ನಾಟಕದ ಥಾಲಿ’ ಎಂದು ದೊಡ್ಡ ಫಲಕ. ರೊಟ್ಟಿ ಬಂತು. ನಾಲ್ಕು ಮಡಿಕೆ ಮಾಡಿದರೂ ಮುರಿಯಲಿಲ್ಲ, ಕರವಸ್ತ್ರದಂತೆ ಕೂತಿತು. ಜೋಳದಲ್ಲಿ ಗ್ಲುಟೆನ್ ಇಲ್ಲ. ಬಿಸಿ ನೀರಿನಲ್ಲಿ ನಾದಿ ಬಡಿದ ರೊಟ್ಟಿ ಮೆತ್ತಗಿದ್ದರೂ ಎಳೆದರೆ ಹರಿಯಲೇಬೇಕು. ಇದನ್ನು ಎಳೆದರೆ ಎಳೆಎಳೆಯಾಗಿ ಬಂತು. ಮೈದಾ ಬೆರೆತಿದೆ ಎಂದು ಮಾಣಿಗೆ ಹೇಳಿದೆ. ‘ಸರ್, ಎಲ್ಲರಿಗೂ ಇದೇ ಇಷ್ಟ’ ಎಂದ. ಎಣ್ಣೆಗಾಯಿಯಲ್ಲಿ ಗುರೆಳ್ಳೂ ಇಲ್ಲ, ಶೇಂಗಾವೂ ಇಲ್ಲ, ಕೆನೆ ಮತ್ತು ಗೋಡಂಬಿ ಇದ್ದವು. ಬದನೆಕಾಯಿ ಒಂದೇ ಪರಿಚಯದ ಮುಖ.

ಊರಿಗೆ ಮರಳಿದ ಮೇಲೆ ಪ್ರಾಯಶ್ಚಿತ್ತಕ್ಕೆಂದು ಬಾದಾಮಿಗೆ ಹೋಗಿ ಬನಶಂಕರಿ ಗುಡಿಯ ಮುಂದೆ ಕೂತೆ. ಬುಟ್ಟಿ ಹೊತ್ತು ತರುತ್ತಾರಲ್ಲ ಆ ತಾಯಂದಿರು, ಅವರಲ್ಲಿ ಒಬ್ಬರ ಬಳಿ ಎರಡು ಖಡಕ್ ರೊಟ್ಟಿ, ಕೆಂಪು ಚಟ್ನಿ, ಪುಂಡಿಪಲ್ಯ, ಸಣ್ಣ ಗಡಿಗೆಯಲ್ಲಿ ಮೊಸರು. ಗಡಿಗೆಯನ್ನು ತಲೆಕೆಳಗು ಹಿಡಿದರೂ ಮೊಸರು ಬೀಳುವುದಿಲ್ಲ ಎಂದು ತೋರಿಸಿದರು. ಬೀಳಲಿಲ್ಲ. ಊಟ ಮುಗಿದ ಮೇಲೆ ಹಣ ಎಷ್ಟೆಂದು ಕೇಳಿದಾಗ, ‘ಮೊದಲು ಹೊಟ್ಟೆ ತುಂಬಿತೋ ಇಲ್ಲವೋ ಹೇಳು’ ಎಂದರು.

ಮೊಳಕೆ ಜವೆಗೋಧಿ · ಮಂಗಳವಾರ ಮಧ್ಯಾಹ್ನ 1.30

ದಂಡೆಯವರೇ, ಅಂಗಡಿಯವನದು ತಪ್ಪಿಲ್ಲ. ಬಿಸಿಲು ಬಿದ್ದರೆ ಹಾಪ್ಸ್‌ನ ಕಹಿ ಅಂಶ ಒಡೆದು ಗಂಧಕದ ಸಂಯುಕ್ತವೊಂದು ಹುಟ್ಟುತ್ತದೆ, ನಿಮಿಷಗಳು ಸಾಕು. ಕಂದು ಗಾಜು ಆ ಬೆಳಕನ್ನು ಬಹುಮಟ್ಟಿಗೆ ತಡೆಯುತ್ತದೆ, ಹಸಿರು ಗಾಜು ಹೆಚ್ಚೇನೂ ತಡೆಯುವುದಿಲ್ಲ. ಡಬ್ಬಿಯೊಳಗೆ ಬೆಳಕೇ ಹೋಗುವುದಿಲ್ಲ. ಎರಡನೆಯ ಸಲವೂ ನೆಟ್ಟದ್ದಕ್ಕೆ ರಸಾಯನ ಶಾಸ್ತ್ರದಲ್ಲಿ ವಿವರಣೆ ಇಲ್ಲ.

ಹಾಸ್ಟೆಲ್ ಕೋಣೆ 14 · ವಿಜಯಪುರ · ಮಂಗಳವಾರ ರಾತ್ರಿ 10.45

ಬಿಯರ್‌ಗೆ ದುಡ್ಡಿಲ್ಲದವನ ಸಾಹಸ ಕೇಳಿ. ಕಾಲೇಜಿನ ಮುಂದೆ ಮೊಮೊ ಗಾಡಿ ಬಂದಿದೆ. ಕೆಂಪು ಚಟ್ನಿ ಕೊಡುತ್ತಾರೆ, ಬರೀ ವಿನೆಗರ್. ಅವ್ವ ಕಳಿಸಿದ ಗುರೆಳ್ಳು ಚಟ್ನಿಪುಡಿಗೆ ಹಸಿ ಎಣ್ಣೆ ಕಲಸಿ ಒಯ್ದು ಅದ್ದಿಕೊಂಡು ತಿಂದೆವು. ಗಾಡಿಯವನು ಒಂದು ಚಮಚ ಕೇಳಿದ, ನೆಕ್ಕಿದ, ಸುಮ್ಮನಾದ. ಮರುದಿನ ‘ಆ ಪುಡಿ ಕೆಜಿಗೆ ಎಷ್ಟು?’ ಎಂದು ಕೇಳಿದ. ಅವ್ವನಿಗೆ ಫೋನ್ ಮಾಡಿದ್ದೇನೆ. ದರ ಹೇಳುವ ಮೊದಲು ‘ಅಭ್ಯಾಸ ಹೇಗೆ ನಡೆದಿದೆ?’ ಎಂದು ಕೇಳಿದಳು, ಅಲ್ಲಿಗೆ ವ್ಯಾಪಾರ ನಿಂತಿತು.

ಲಿಂಬೆ ತೋಟ · ಇಂಡಿ ತಾಲ್ಲೂಕು · ಬುಧವಾರ ಬೆಳಿಗ್ಗೆ 5.50

ನಾನು ರೈತ. ಚಿಕ್ಕೋಡಿಯ ತಮ್ಮನಿಗೆ ಒಂದು ಪ್ರಶ್ನೆ. ಜವೆಗೋಧಿಯಿಂದ ಆಗುವುದಾದರೆ ನಮ್ಮ ಮಾಲದಂಡಿ ಜೋಳದಿಂದ ಬಿಯರ್ ಏಕೆ ಆಗಬಾರದು? ಹಿಂಗಾರಿಯಲ್ಲಿ ಕಪ್ಪು ಮಣ್ಣಿನ ತೇವದ ಮೇಲೆಯೇ ಬರುವ ಬೆಳೆ. ನೀರು ಬೇಡ, ಆಳು ಬೇಕು. ಕೊಯ್ಯುವವರು ಸಿಗದೆ ಬಿತ್ತುವವರೇ ಕಡಿಮೆಯಾಗುತ್ತಿದ್ದಾರೆ. ಯಾರಾದರೂ ಒಳ್ಳೆಯ ದರಕ್ಕೆ ಕೊಂಡರೆ ಬಿತ್ತುತ್ತೇವೆ.

ನಿಮ್ಮ ಬೆಲ್ಜಿಯಂ ಬಿಯರ್‌ಗೆ ಕಿತ್ತಳೆ ಸಿಪ್ಪೆ ಹಾಕುತ್ತಾರಂತೆ. ಇಂಡಿ ಲಿಂಬೆಗೆ ಭೌಗೋಳಿಕ ಸೂಚಕದ ಮಾನ್ಯತೆ ಬಂದಿದೆ. ಸಿಪ್ಪೆ ತೆಳು, ರಸ ಹೆಚ್ಚು. ಒಂದು ಚೀಲ ಕಳಿಸಿಕೊಡುತ್ತೇನೆ, ಹಾಕಿ ನೋಡಿ.

ಮೊಳಕೆ ಜವೆಗೋಧಿ · ಬುಧವಾರ ಮಧ್ಯಾಹ್ನ 12.40

ಅಣ್ಣಾ, ಆಗುತ್ತದೆ. ಆಫ್ರಿಕಾದಲ್ಲಿ ಜೋಳದ ಬಿಯರ್ ನಮ್ಮ ಅಂಬಲಿಯಷ್ಟೇ ಹಳೆಯದು. ಮಂದ, ಹುಳಿ, ಹಂಚಿಕೊಂಡು ಕುಡಿಯುವಂಥದ್ದು. ನೈಜೀರಿಯಾ 1980ರ ದಶಕದ ಕೊನೆಯಲ್ಲಿ ಜವೆಗೋಧಿ ಮಾಲ್ಟಿನ ಆಮದನ್ನು ನಿಲ್ಲಿಸಿದಾಗ ಅಲ್ಲಿನ ದೊಡ್ಡ ಕಾರ್ಖಾನೆಗಳೇ ಜೋಳಕ್ಕೆ ಹೊರಳಿದವು. ತೊಡಕು ಎರಡು. ಜೋಳದ ಪಿಷ್ಟ ಮೆತ್ತಗಾಗಲು ಜವೆಗೋಧಿಗಿಂತ ಹೆಚ್ಚು ಕಾವು ಬೇಕು, ಆದರೆ ಅದನ್ನು ಸಕ್ಕರೆ ಮಾಡುವ ಕಿಣ್ವಗಳು ಅಷ್ಟು ಕಾವಿನಲ್ಲಿ ಸಾಯುತ್ತವೆ. ಎರಡನೆಯದು ನಿಮಗೇ ಚೆನ್ನಾಗಿ ಗೊತ್ತು: ಎಳೆ ಜೋಳದ ಪೈರು ಮೇಯ್ದ ದನ ಏಕೆ ಸಾಯುತ್ತದೆ?

ಲಿಂಬೆ ತೋಟ · ಬುಧವಾರ ರಾತ್ರಿ 8.10

ವಿಷ. ಮಳೆ ಕೈಕೊಟ್ಟು ಬಾಡಿದ ಪೈರಿನಲ್ಲಿ ಇನ್ನೂ ಹೆಚ್ಚು. ನನ್ನ ತಂದೆಯ ಕಾಲದಲ್ಲಿ ಒಂದು ಎತ್ತು ಹೋಗಿದೆ.

ಮೊಳಕೆ ಜವೆಗೋಧಿ · ಬುಧವಾರ ರಾತ್ರಿ 8.35

ಅದೇ, ಸಯನೈಡ್ ಬಿಡುವ ಅಂಶ ಮೊಳಕೆಯಲ್ಲೂ ಇರುತ್ತದೆ. ಹೀಗಾಗಿ ಒಣಗಿಸಿದ ಮೇಲೆ ಬೇರನ್ನೂ ಕುಡಿಯನ್ನೂ ಉಜ್ಜಿ ತೆಗೆದು ಕಾಳನ್ನು ಮಾತ್ರ ಬಳಸಬೇಕು. ಮನೆಯಲ್ಲಿ ಯಾರೂ ಪ್ರಯೋಗಕ್ಕೆ ಇಳಿಯಬೇಡಿ, ಪರವಾನಗಿಯ ಮಾತೂ ಇದೆ. ಲಿಂಬೆ ಮಾತ್ರ ಕಳಿಸಿ ಅಣ್ಣಾ, ನನ್ನ ಮೇಲಧಿಕಾರಿಯನ್ನು ಒಪ್ಪಿಸುತ್ತೇನೆ.

ಖಡೇಬಜಾರ್ ಕಟ್ಟೆ · ಭಾನುವಾರ ರಾತ್ರಿ 10.05

ಈ ವಾರದ ವರದಿ. ಪೇಟೆಯಲ್ಲಿ ಡಬ್ಬಿಯ ಗೋಧಿ ಬಿಯರ್ ಒಂದು, ಐಪಿಎ ಒಂದು ಸಿಕ್ಕವು. ಸ್ಟೌಟ್ ಸಿಗಲಿಲ್ಲ. ಚೋರ್ಲಾ ದಾಟಿ ತರಬಹುದಿತ್ತು, ಆದರೆ ಪರವಾನಗಿಯಿಲ್ಲದೆ ಗಡಿ ದಾಟಿಸಿ ತಂದು ತಪಾಸಣಾ ಠಾಣೆಯಲ್ಲಿ ನಿಲ್ಲುವ ವಯಸ್ಸು ನನ್ನದಲ್ಲ. ಕೆಳಗಿನ ಮನೆಯ ಮೌಶಿಗೆ ವಾಸನೆ ಹೋಗಬಾರದೆಂದು ಅಟ್ಟದ ಮೇಲೆ ಕೂತೆವು, ನಾನು ಮತ್ತು ಇಬ್ಬರು ಗೆಳೆಯರು. ಮೂವರೂ ನಡೆದು ಬಂದವರು.

ಗಿರ್ಮಿಟ್ ಮನೆಯಲ್ಲೇ ಆಯಿತು. ಉಳ್ಳಾಗಡ್ಡಿ, ಹಸಿಮೆಣಸಿನಕಾಯಿ ಹುರಿದು ಅರಿಸಿನ, ಹುಣಸೆ, ಬೆಲ್ಲ ಹಾಕಿ ಕುದಿಸಿದ ಗೊಜ್ಜು. ಅದನ್ನು ಚುರುಮುರಿಗೆ ಕಲಸಿ ಪುಠಾಣಿ ಹಿಟ್ಟು, ಹಸಿ ಉಳ್ಳಾಗಡ್ಡಿ, ಕೊತ್ತಂಬರಿ. ಕಲಸಿದ ಕೂಡಲೇ ತಿನ್ನದಿದ್ದರೆ ಒದ್ದೆ ಹತ್ತಿ. ಹೀಗಾಗಿ ಡಬ್ಬಿ ಮೊದಲು ತೆರೆದು ಆಮೇಲೆ ಕಲಸಿದೆವು. ಗೋಧಿ ಬಿಯರ್ ಇದರ ಜೊತೆ ಎಷ್ಟು ಸಲೀಸಾಗಿ ಹೋಯಿತೆಂದರೆ ಬರೆಯುವುದು ಮರೆತೆ. ಹುಣಸೆಯ ಹುಳಿಯ ಮೇಲೆ ಅದರ ಬಾಳೆಹಣ್ಣು ತೇಲಿ ಬರುತ್ತದೆ. ಗೆಳೆಯ ಹೇಳಿದ, ಇದು ಶಿಕರಣಿಯ ಹತ್ತಿರದ ನೆಂಟ. ಹಿರಿಯರೇ, ಶಿಕರಣಿ ಪ್ರಸಾದವಲ್ಲ, ಇದು ನಡೆಯುತ್ತದೆಯೇ?

ಮಿರ್ಚಿ ಭಜಿಯನ್ನು ಐಪಿಎ ಜೊತೆ ತಿನ್ನಬೇಡಿ ಎಂದು ಪುಣೆಯ ತಮ್ಮ ಎಚ್ಚರಿಸಿದ್ದ. ಬೇಡವೆಂದ ಮೇಲೆ ತಿನ್ನದೆ ಇರಲಾಗುತ್ತದೆಯೇ? ತಿಂದೆವು. ಮೊದಲ ಕಡಿತಕ್ಕೆ ಏನೂ ಇಲ್ಲ. ಗುಟುಕಿನ ಜೊತೆ ಕಿವಿಯ ತುದಿ ಬಿಸಿಯಾಯಿತು. ಎರಡನೆಯ ಗುಟುಕಿಗೆ ಒಬ್ಬನಿಗೆ ಬಿಕ್ಕಳಿಕೆ. ಕೊನೆಗೆ ಹೆಂಡತಿ ಅಟ್ಟದ ಮೆಟ್ಟಿಲ ಮೇಲೆ ಮಜ್ಜಿಗೆಯ ತಂಬಿಗೆ ಇಟ್ಟು, ಏನೂ ಮಾತಾಡದೆ ಇಳಿದು ಹೋದಳು. ಆ ಮೌನದ ರುಚಿಯನ್ನು ವಹಿಯಲ್ಲಿ ಬರೆದಿಲ್ಲ.

ಉಳಿದ ಐಪಿಎಗೆ ಗುಮ್ಮಟದವರ ಮಾತು ನಂಬಿ ಖಡಕ್ ರೊಟ್ಟಿ, ಹಸಿ ಮೆಂತ್ಯೆ, ಶೇಂಗಾ ಹಿಂಡಿ, ಗಟ್ಟಿ ಮೊಸರು ಹಾಕಿಕೊಂಡೆವು. ನಾನು ಇದನ್ನು ನಿರೀಕ್ಷಿಸಿರಲಿಲ್ಲ. ಮೆಂತ್ಯೆಯ ಕಹಿಯ ಮುಂದೆ ಬಿಯರ್‌ನ ಕಹಿ ಹಿಂದೆ ಸರಿದು ಹೇರಳೆಕಾಯಿಯ ಪರಿಮಳ ಮಾತ್ರ ಉಳಿಯಿತು. ಹಡಗಿನಲ್ಲಿ ತಿಂಗಳುಗಟ್ಟಲೆ ಸಾಗಿ ಬರುವಾಗ ಕೆಡದಿರಲಿ ಎಂದು ಲಂಡನ್ನಿನ ಬೌ ಎಂಬಲ್ಲಿನ ಹಾಜ್‌ಸನ್ ಭಟ್ಟಿಯಂಥವರು ಹಾಪ್ಸ್ ಹೆಚ್ಚು ಹಾಕಿ ಕಳಿಸುತ್ತಿದ್ದ ಬಿಯರ್‌ನ ಸಂತಾನವಂತೆ ಇದು. ಬೆಳಗಾವಿ ಕೋಟೆ ಬ್ರಿಟಿಷರ ಕೈಸೇರಿದ್ದು 1818ರಲ್ಲಿ. ನಮ್ಮ ಕ್ಯಾಂಪಿನ ಸಿಪಾಯಿಗಳೂ ಇಂಥದ್ದೇನನ್ನೋ ಕುಡಿದಿರಬಹುದು, ಪಾಪ, ಮೆಂತ್ಯೆ ತಪ್ಪಲಿಲ್ಲದೆ.

ಸ್ಟೌಟ್ ಸಿಗದ ಕಾರಣ ಕರದಂಟಿನ ಪರೀಕ್ಷೆ ಬಾಕಿ ಇದೆ. ಗೋಕಾಕದ್ದೂ ಅಮೀನಗಡದ್ದೂ ಎರಡನ್ನೂ ತರಿಸಿದ್ದೆ. ಬಿಯರ್ ಇಲ್ಲದೆಯೇ ಎರಡೂ ಮುಗಿದಿವೆ, ತೀರ್ಪು ಕೇಳಬೇಡಿ.

ಹುನಗುಂದದ ದಾರಿ · ಭಾನುವಾರ ರಾತ್ರಿ 10.20

ಯಾವುದು ಮೊದಲು ಮುಗಿಯಿತು?

ಘಟಪ್ರಭೆಯ ಗೌರಿ · ಭಾನುವಾರ ರಾತ್ರಿ 10.21

ಉತ್ತರಿಸಬೇಡಿ ಕಾಕಾ. ಎರಡು ಜಿಲ್ಲೆಯ ಶಾಂತಿಯ ಪ್ರಶ್ನೆ.

ಮೊಳಕೆ ಜವೆಗೋಧಿ · ಭಾನುವಾರ ರಾತ್ರಿ 11.00

ಮುಂದಿನ ತಿಂಗಳು ಹಬ್ಬಕ್ಕೆ ಊರಿಗೆ ಬರುತ್ತೇನೆ. ನಮ್ಮ ಘಟಕದ ಸ್ಟೌಟ್ ತರಲಾರೆ, ಕಾನೂನೂ ಬಿಡುವುದಿಲ್ಲ, ಸೋಸದ ಬಿಯರ್ ಬಸ್ಸಿನ ಕಾವಿನಲ್ಲಿ ಉಳಿಯುವುದೂ ಇಲ್ಲ. ಹುರಿದ ಜವೆಗೋಧಿ ಒಂದು ಹಿಡಿ ತರುತ್ತೇನೆ. ಅಗಿದು ನೋಡಿದರೆ ಗೌರಿ ಅಕ್ಕನಿಗೂ ಹಿರಿಯರಿಗೂ ಅಡ್ಡಿಯಿಲ್ಲ. ಬೆಳಗಾವಿಯಲ್ಲಿ ಎಲ್ಲಿ ಸೇರೋಣ?

ಶಹಾಪುರದ ಹಿರಿಯ · ಸೋಮವಾರ ಬೆಳಿಗ್ಗೆ 6.05

ಎಲ್ಲವನ್ನೂ ಓದಿದೆ. ಶಿಕರಣಿಯ ಹೋಲಿಕೆ ನಡೆಯುವುದಿಲ್ಲ. ಶಿಕರಣಿಯಲ್ಲಿ ಲವಂಗ ಹಾಕುವುದಿಲ್ಲ, ಏಲಕ್ಕಿ.

ಗುಟುಕು ಇಳಿದ ಮೇಲೆ ಉಳಿಯುವ ಕಹಿಗೆ ಮಾತು ಕೇಳಿದ್ದಿರಿ. ನಮ್ಮ ಅವ್ವ ಬೇವಿನೆಲೆಯ ರಸ ಕುಡಿಸಿದ ಮೇಲೆ ಬೆಲ್ಲ ಕೊಡುವ ಮೊದಲು, ‘ಇನ್ನೂ ಬೆನ್ನುಗಹಿ ಇದೆಯೇ?’ ಎಂದು ಕೇಳುತ್ತಿದ್ದಳು. ನಿಘಂಟಿನಲ್ಲಿ ಇದೆಯೋ ಇಲ್ಲವೋ, ನಮ್ಮ ಮನೆಯಲ್ಲಿ ಇತ್ತು. ಬೇಕಿದ್ದರೆ ವಹಿಯಲ್ಲಿ ಬರೆದುಕೊಳ್ಳಿ.

ಹುಣ್ಣಿಮೆಗೆ ನಮ್ಮಲ್ಲಿ ಸತ್ಯನಾರಾಯಣ ಪೂಜೆ. ಪುಣೆಯ ಹುಡುಗ ಅದೇ ಹೊತ್ತಿಗೆ ಬರುವುದಾದರೆ ಎಲ್ಲರೂ ನಮ್ಮ ಮನೆಗೇ ಬನ್ನಿ, ಹುರಿದ ಜವೆಗೋಧಿ ತರಲು ಅಡ್ಡಿಯಿಲ್ಲ. ಸಪಾದ ನಾನೇ ಕೈಯಾರೆ ಬಡಿಸುತ್ತೇನೆ. ಚೆನ್ನಾಗಿ ಮೂಸಿ, ಆ ವಾಸನೆಯನ್ನು ನೆನಪಿನಲ್ಲಿಟ್ಟುಕೊಂಡು ಹೋಗಿ ನಿಮ್ಮ ಅಟ್ಟದ ಮೇಲೆ ಹೋಲಿಸಿ ನೋಡಿ. ಹೋಲಿದರೆ ಮಾತ್ರ ನನಗೆ ಹೇಳಬೇಡಿ.

ಎಷ್ಟು ಜನ ಬರುತ್ತೀರಿ ಎಂಬುದನ್ನು ಎರಡು ದಿನ ಮೊದಲೇ ತಿಳಿಸಿ. ರವೆ ಅಳೆಯಬೇಕು.